ಬರೀ ಹಲಗೆಯ ಮುಖ

ಕಿಟಕಿ ಪಕ್ಕದ ಸೀಟು ಸಿಕ್ಕಿದ್ದರೂ ವಾಹಿದಾಳಿಗೆ ಉಸಿರು ಸಾಲುತ್ತಿರಲಿಲ್ಲ. ತೊಡೆಯ ಮೇಲೆ ಅಪ್ಪನ ಹಳೆಯ ಲುಂಗಿಯಲ್ಲಿ ಸುತ್ತಿದ ಹಲಗೆ. ಮಾನ್ವಿಯ ಬಸ್ಸು ತಗ್ಗಿಗಿಳಿದಾಗಲೆಲ್ಲ ಅದರ ಮೂಲೆ ಹೊಟ್ಟೆಗೆ ಚುಚ್ಚುತ್ತಿತ್ತು, ಅವಳು ಸರಿಸಿಕೊಳ್ಳಲಿಲ್ಲ. ಚುಚ್ಚಲಿ. ‘ಹೂಂನ್ರಿ ಸಾಹುಕಾರ್ರೆ, ಸರಿ ಮಾಡ್ಕೊಂಡ್ ಬರ್ತೀನ್ರಿ’ ಎಂದ ನಾಲಿಗೆಗೆ ಚುಚ್ಚಬೇಕಾದದ್ದು ಹೊಟ್ಟೆಗೆ ಚುಚ್ಚುತ್ತಿದೆ, ಇಷ್ಟೇ. ಕೈಚೀಲದಲ್ಲಿ ಕಾರ್ಖಾನೆಯ ಸಾಹುಕಾರ ಜಂಬಣ್ಣ ಕೊಟ್ಟ ಬಂಗಾರ ಬಣ್ಣದ ಡಬ್ಬಿ ಪ್ರತಿ ಕುಲುಕಿಗೂ ಬುತ್ತಿಯ ಡಬ್ಬಿಗೆ ತಾಗಿ ಸದ್ದು ಮಾಡುತ್ತಿತ್ತು. ಮುಂದಿನ ಸೀಟಿನ ಹೆಂಗಸು ಹಿಂದಿರುಗಿ, “ಏನ್ ಬೇ ಅದು, ಫೋಟೋ?” ಎಂದಳು. ಅಲ್ಲ ಎಂದಳು ವಾಹಿದಾ. “ಮತ್ತೇನು, ಕನ್ನಡಿ?” “ಏನೂ ಇಲ್ಲ.” ಹೆಂಗಸು ಮುಖ ತಿರುಗಿಸಿಕೊಂಡ ಮೇಲೆ ವಾಹಿದಾಳಿಗೆ ತನ್ನ ಮಾತೇ ಕಿವಿಯಲ್ಲಿ ಉರಿಯತೊಡಗಿತು. ಏನೂ ಇಲ್ಲ. ಬೆಳಿಗ್ಗೆ ಜಂಬಣ್ಣನೂ ಇದನ್ನೇ ಅಂದಿದ್ದ.

ಅವನು ಹಲಗೆಯನ್ನು ಆಫೀಸಿನ ಗೋಡೆಗೆ ಆನಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಸೊಂಟಕ್ಕೆ ಕೈಕೊಟ್ಟು ನಿಂತಿದ್ದ. ಅವನ ಹಿಂದೆ ಗುಮಾಸ್ತ, ಗುಮಾಸ್ತನ ಹಿಂದೆ ಚಹಾ ತಂದವನು. “ಇದೇನ್ ಬೇ ವಾಹಿದಾ, ಮುಖದಾಗ ಏನೂ ಇಲ್ಲಲ್ಲ? ಗ್ವಾಡಿಗೆ ತಾಮ್ರ, ರುಮಾಲಿಗೆ ತಾಮ್ರ, ಕರೆಂಟಿನ ಬಲ್ಬಿಗೂ ತಾಮ್ರ. ನಮ್ಮಪ್ಪನ ಮುಖ ಒಂದು ಖಾಲಿ ಬಿಟ್ಟೀದಿ.” ಖಾಲಿ ಅಲ್ರೀ, ಅದೂ ಬಣ್ಣನ ಅದ, ಎಂದಿದ್ದಳು. “ಬಣ್ಣ? ತಾಮ್ರ ತಿಂದು ಹೋಗಿದ್ದ ಜಾಗ ಬಣ್ಣೇನು? ಹಂಗಾದ್ರ ನನ್ನ ಬೋಳು ತಲೀನೂ ಕೂದಲಾತು ಬಿಡು!” ಗುಮಾಸ್ತ ನಕ್ಕ. ಚಹಾದವನೂ ನಕ್ಕ. ಚಹಾದವನು ನಕ್ಕದ್ದೇ ಅವಳಿಗೆ ಹೆಚ್ಚು ನಾಟಿತು; ಅವನೂ ತನ್ನ ಹಾಗೆ ಬಾಗಿಲ ಆಚೆಗೇ ಚಪ್ಪಲಿ ಬಿಟ್ಟು ಬಂದವನು.

ರಾಯಚೂರಿನ ಸ್ಟೆಬಿಲೈಜರ್ ಕಾರ್ಖಾನೆಯ ಉದ್ದನೆಯ ಶೆಡ್ಡಿನಲ್ಲಿ ಅವಳ ಕೆಲಸ ಒಂದೇ. ಕಂದು ಹಲಗೆಯ ಮೇಲೆ ಅಂಟಿಸಿದ ತಾಮ್ರದ ಹಾಳೆ. ಅದರ ಮೇಲೆ ಕರೆಂಟು ಹರಿಯುವ ದಾರಿಯನ್ನು ಪೇಂಟಿನಿಂದ ಬರೆಯುವುದು. ಬರೆದ ಹಲಗೆಯನ್ನು ಅಂಬಮ್ಮ ಆಸಿಡ್ಡಿನ ತೊಟ್ಟಿಯಲ್ಲಿ ಮುಳುಗಿಸಿ ಅಲ್ಲಾಡಿಸುತ್ತಾಳೆ. ಪೇಂಟಿನಡಿಯ ತಾಮ್ರ ಉಳಿಯುತ್ತದೆ, ಮಿಕ್ಕದ್ದೆಲ್ಲ ಕರಗಿ ಕೆಳಗಿನ ಬರೀ ಹಲಗೆ ಕಾಣುತ್ತದೆ. ಆಮೇಲೆ ಸೀಮೆಎಣ್ಣೆಯಲ್ಲಿ ಪೇಂಟು ಒರೆಸಿದರೆ ಎರಡೇ ಬಣ್ಣ: ತಾಮ್ರ, ಹಲಗೆ. ಕಾರ್ಖಾನೆಯ ಲೆಕ್ಕದಲ್ಲಿ ತಾಮ್ರವೇ ಮಾಲು. ಹಲಗೆ ಎಂದರೆ ಕರೆಂಟು ಹೋಗದ ಜಾಗ, ಇಲ್ಲದ ಜಾಗ. ಟಿ.ವಿ. ಬಂತೆಂದು ಊರೆಲ್ಲ ಸ್ಟೆಬಿಲೈಜರ್ ಕೊಳ್ಳುವ ಕಾಲದಲ್ಲಿ ಅವಳು ಇಂಥ ಎಷ್ಟು ಹಲಗೆಗಳಲ್ಲಿ ಇಲ್ಲದ ಜಾಗವನ್ನು ಮಾಡಿದ್ದಳೋ! ಹೊಸ ಶೆಡ್ಡಿನ ಉದ್ಘಾಟನೆಗೆ ತನ್ನ ಅಪ್ಪ ಗಡಿಗೆಪ್ಪನ ಚಿತ್ರ ಬೇಕು, ಅದೂ ಇದೇ ತಾಮ್ರದ ಹಲಗೆಯ ಮೇಲೆ, “ನಮ್ಮ ಮಾಲಿನ್ಯಾಗ ನಮ್ಮಪ್ಪ ಇರ್ಬೇಕು” ಎಂದು ಜಂಬಣ್ಣ ಹೇಳಿದಾಗ ಅವಳಿಗೆ ಮೊದಲು ಕಂಡದ್ದು ತಾಮ್ರವಲ್ಲ, ಆ ಇಲ್ಲದ ಜಾಗ. ಗೋಣಿಚೀಲದ ಬಣ್ಣ, ಹಳೆಯ ಬೆಲ್ಲದ ಬಣ್ಣ. ಬಿಸಿಲಲ್ಲಿ ದುಡಿದ ಬೆನ್ನಿನ ಬಣ್ಣ.

ಜಂಬಣ್ಣ ಕೊಟ್ಟ ಫೋಟೋದಲ್ಲಿ ಗಡಿಗೆಪ್ಪ ಯಾರದೋ ಕೋಟು ತೊಟ್ಟು ಕುರ್ಚಿಯ ತುದಿಯಲ್ಲಿ ಕೂತಿದ್ದ. ಸ್ಟುಡಿಯೋದವನು ಮುಖಕ್ಕೆ ಪೌಡರು ಬಳಿದು ಬೆಳ್ಳಗೆ ಮಾಡಿದ್ದ. ಫೋಟೋ ನೋಡಿ ಅಂಬಮ್ಮ ತೊಟ್ಟಿಯ ಅಂಚಿಗೆ ಆತು ನಕ್ಕಿದ್ದಳು. ಗುಂಜಹಳ್ಳಿಯವಳು, ಅವಳ ಅಪ್ಪನೂ ಗಡಿಗೆಪ್ಪನೂ ಗಂಜ್ ಮಾರುಕಟ್ಟೆಯಲ್ಲಿ ಕೂಡಿ ಚೀಲ ಹೊತ್ತವರು. “ಇವ್ನ್ಯಾರು? ಇವ ಗಡಿಗೆಪ್ಪ ಮುತ್ಯಾ ಅಲ್ಲ, ಇವ್ನ ಹೆಣಕ್ಕ ವಿಭೂತಿ ಬಡದಾರ. ಮುತ್ಯಾ ಹಂಚಿನಂಗ ಇದ್ದ ಬೇ. ದೇವದುರ್ಗದಿಂದ ನಡಕೋತ ಬಂದ ಅಂತ, ಉಟ್ಟ ಪಂಜಿ ಮ್ಯಾಲ. ಬೆವರಿದ್ನಂದ್ರ ಎಣ್ಣಿ ಸವರಿದ ಹಂಚು. ತಂದ ಮಿಲ್ ಆದ ಮ್ಯಾಲೂ ತಾನ ಚೀಲ ಹೊರಾಂವ. ಮಗನೇ ಅವಗ ಬೈದು ಬಿಡಿಸಿದ, ಮಂದಿ ನಗ್ತಾರ ಅಂತ.” ಆ ಮಾತು ಕೇಳಿ ವಾಹಿದಾ ಫೋಟೋವನ್ನು ಬೋರಲು ಹಾಕಿದಳು. ಅಂಬಮ್ಮನ ಮಾತಿನಿಂದಲೇ ಬರೆದಳು. ಮಿಲ್ಲಿನ ಗೋಡೆ, ಬಲ್ಬು, ದಾರಿ, ರುಮಾಲು ತಾಮ್ರ. ಅದರ ನಡುವೆ ಬಾಗಿದ ಮನುಷ್ಯ ಮತ್ತು ಅವನ ಬೆನ್ನ ಮೇಲಿನ ಚೀಲ ಬರೀ ಹಲಗೆ. ಕಣ್ಣು, ಮೂಗು, ಹಣೆಯ ಗೆರೆಗಳನ್ನು ಮಾತ್ರ ಕೂದಲೆಳೆಯಷ್ಟು ತಾಮ್ರದಲ್ಲಿ ಉಳಿಸಿದ್ದಳು. ತೊಟ್ಟಿಯಿಂದ ಎತ್ತಿ ತೊಳೆದಾಗ ಆ ಮನುಷ್ಯ ಅವಳನ್ನು ನೋಡಿದ. ಅವಳು ಮಾಡಿದ್ದರಲ್ಲಿ ಅವಳದು ಎನ್ನಬಹುದಾದದ್ದು ಅದೊಂದೇ.

“ನಮ್ಮಪ್ಪ ಕರಿಯ ಇದ್ನೇನು?” ಎಂದು ಜಂಬಣ್ಣ ಆಫೀಸಿನಲ್ಲಿ ಕೇಳಿದ್ದ, ಈಗ ನಗದೆ. “ನಮ್ಮಪ್ಪ ಹಮಾಲ ಇದ್ನೇನು?” ಗುಮಾಸ್ತನಿಗೆ ಗೊತ್ತಿತ್ತು, ಚಹಾದವನಿಗೆ ಗೊತ್ತಿತ್ತು, ಗಂಜಿನ ಎತ್ತುಗಳಿಗೂ ಗೊತ್ತಿತ್ತು. ಅವಳು ತನ್ನ ಬರಿಗಾಲು ನೋಡಿದಳು. “ಸೋಮವಾರ ಮಠದ ಅಜ್ಜಾರು ಬಂದು ಪರದೆ ಸರಸ್ತಾರ. ನಮ್ಮಪ್ಪನ ಮುಖ ಹೊಳೀಬೇಕು. ತಗೋ, ಬಂಗಾರದ ಪೇಂಟು. ಹಚ್ಚಾಕ ಆಗಲ್ಲಂದ್ರ ನೀ ಬರೋದು ಬ್ಯಾಡ, ಮಾನ್ವ್ಯಾಗ ನಿಮ್ಮಪ್ಪನ ಪಾತ್ರಿ ಅಂಗಡ್ಯಾಗ ಆರಾಮ ಕೂಡು.” ಕಾರ್ಖಾನೆಯಲ್ಲೇ ಬಿಟ್ಟರೆ ಬೋರ್ಡು ಬರೆಯುವವನ ಕೈಯಲ್ಲಿ ಇವತ್ತೇ ಬಳಿಸುತ್ತಾನೆ ಎಂದು ಹೆದರಿ, ಮನೆಯಲ್ಲಿ ಸರಿಮಾಡುತ್ತೇನೆ ಎಂದು ಎತ್ತಿಕೊಂಡು ಬಂದಿದ್ದಳು. ಹಚ್ಚುವುದಿಲ್ಲ. ಅಷ್ಟು ಗೊತ್ತಿತ್ತು. ಹಚ್ಚದೆ ಸೋಮವಾರ ಏನು ಮಾಡುವುದೆಂದು ಗೊತ್ತಿರಲಿಲ್ಲ. ಮತ್ತೆ ಪಾತ್ರೆ ಅಂಗಡಿ! ಕೆಲಸಕ್ಕೆ ಸೇರುವಾಗ ಅಪ್ಪ ಏನು ಮಾಡ್ತಾನೆ ಎಂದು ಕೇಳಿದ್ದಕ್ಕೆ ಅವಳ ಬಾಯಿಂದ ಜಾರಿದ ಅಂಗಡಿ ಅದು. ಇಲ್ಲದ ಅಂಗಡಿ. ಜಂಬಣ್ಣ ಅಪ್ಪನಿಗೆ ಬಂಗಾರ ಬಳಿಯುತ್ತಾನೆ, ತಾನು ಅಪ್ಪನಿಗೆ ಅಂಗಡಿ ಕಟ್ಟಿಕೊಟ್ಟಿದ್ದೇನೆ ಎಂದು ಹೊಳೆದದ್ದೇ ಅವಳಿಗೆ ಜಂಬಣ್ಣನ ಮೇಲಿನ ಸಿಟ್ಟು ಇನ್ನಷ್ಟು ಏರಿತು, ತನ್ನ ಮೇಲಿನದನ್ನೂ ಅವನ ಮೇಲೆಯೇ ಹೊರಿಸಿದ ಹಾಗೆ.

ಮಾನ್ವಿಯ ಮಸೀದಿ ಓಣಿಯಲ್ಲಿ, ಬೇವಿನ ಬುಡದ ನೆಲದಲ್ಲಿ ಗುಂಡಿ ತೋಡಿ, ಇದ್ದಿಲು ತುಂಬಿ, ಗಾಳಿಯೂದುವ ತಿದಿ ಹೂಡಿ ಕೂಡುವವನು ವಾಹಿದಾಳ ಅಪ್ಪ ಸತ್ತಾರ್ ಸಾಬ್. ತಾಮ್ರದ, ಹಿತ್ತಾಳೆಯ ಪಾತ್ರೆಗಳ ಒಳಗೆ ತವರ ಸವರಿ ಬೆಳ್ಳಗೆ ಮಾಡುವ ಕಲಾಯಿಗಾರ. ಹೆಂಡತಿ ಹೀರಾಬಿ ತಿದಿ ಒತ್ತುತ್ತಾಳೆ. ಕಾದ ಪಾತ್ರೆಗೆ ನವಸಾಗರದ ಪುಡಿ ಉದುರಿಸಿದರೆ ಏಳುವ ಬಿಳಿ ಹೊಗೆ ಆ ಮನೆಯ ಹಾಸಿಗೆ, ಅನ್ನ, ಕೂದಲು ಎಲ್ಲದರಲ್ಲೂ ಸೇರಿಕೊಂಡಿತ್ತು. ರಾಯಚೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿರುವ ವಾಹಿದಾ ಶನಿವಾರ ಬಂದು ಸೋಮವಾರ ಹೊರಡುವಾಗ ತಲೆ ತೊಳೆದುಕೊಂಡೇ ಬಸ್ಸು ಹತ್ತುತ್ತಿದ್ದಳು.

ಭಾನುವಾರ ಮಧ್ಯಾಹ್ನ ತಲೆ ಸಿಡಿಯುತ್ತಿದ್ದರಿಂದ ಹಾಗೇ ಒರಗಿದ್ದವಳಿಗೆ ಆ ಹೊಗೆಯ ಖಾರ ಮೂಗಿಗೆ ಬಡಿದು ಎಚ್ಚರವಾಯಿತು. ಎಂದಿನ ವಾಸನೆಯೇ. ಆದರೆ ಅದರೊಳಗೆ ಇನ್ನೊಂದು ಕಮಟು ಸೇರಿತ್ತು, ಕಾರ್ಖಾನೆಯಲ್ಲಿ ಬೆಸುಗೆಯ ಕಡ್ಡಿ ಹೆಚ್ಚು ಹೊತ್ತು ತಾಗಿದರೆ ಹಲಗೆ ಬಿಡುವ ಕಮಟು. ಗೋಡೆಯ ಮೂಲೆ ನೋಡಿದಳು. ಹಲಗೆ ಇರಲಿಲ್ಲ. ಅದನ್ನು ಸುತ್ತಿದ್ದ ಲುಂಗಿ ಒಗೆಸಿಕೊಂಡು ಅಂಗಳದ ಹಗ್ಗದ ಮೇಲೆ ತೊಟ್ಟಿಕ್ಕುತ್ತಿತ್ತು. ಬರಿಗಾಲಲ್ಲಿ ಓಡಿದಳು.

ಸತ್ತಾರ್ ಸಾಬ್ ಕುಲುಮೆಯ ಮೇಲೆ ಕಬ್ಬಿಣದ ಹಂಚಿಟ್ಟು, ಹಂಚಿನ ಮೇಲೆ ಹಲಗೆ ಇಟ್ಟಿದ್ದ. ಹತ್ತಿಯ ಉಂಡೆಯಿಂದ ಕೊನೆಯ ಮೂಲೆಯನ್ನು ಮೆಲ್ಲಗೆ, ಕೂಸಿನ ಮೈ ಒರೆಸುವ ಹಾಗೆ ಒರೆಸುತ್ತಿದ್ದ. ಮಿಲ್ಲಿನ ಗೋಡೆ ಬೆಳ್ಳಗಾಗಿತ್ತು. ಬಲ್ಬು ಬೆಳ್ಳಗೆ, ದಾರಿ ಬೆಳ್ಳಗೆ, ರುಮಾಲು ಬೆಳ್ಳಗೆ. ಅವಳು ಉಳಿಸಿದ್ದ ತಾಮ್ರದ ಒಂದು ಚೂರೂ ತಾಮ್ರವಾಗಿ ಉಳಿದಿರಲಿಲ್ಲ. ಮಗಳ ನೆರಳು ಬಿದ್ದದ್ದು ಕಂಡು ಮುದುಕ ತಲೆ ಎತ್ತಿ ನಕ್ಕ. “ತಾಂಬಾ ದಿಸ್ರಾ ಥಾ ಬೇಟಿ,” ಎಂದ. ತಾಮ್ರ ಕಾಣುತ್ತಿತ್ತು ಮಗಳೇ. ಅವನ ಪಾಲಿಗೆ ಅದು ಪೂರ್ತಿ ಉತ್ತರ. ತಾಮ್ರ ಕಂಡ ಪಾತ್ರೆಯಲ್ಲಿ ಹುಳಿ ಕೆಡುತ್ತದೆ, ಮಕ್ಕಳು ವಾಂತಿ ಮಾಡುತ್ತವೆ, ಮಂದಿ ಕಲಾಯಿಗಾರನ ಹೆಸರು ಹಿಡಿದು ಬೈಯುತ್ತಾರೆ. ಸಾಹುಕಾರನ ಮನೆಗೆ ಹೋಗುವ ಸಾಮಾನು, ತನ್ನ ಮಗಳ ಕೈಯದು, ತಾಮ್ರ ಬಿಟ್ಟುಕೊಂಡು ಹೋಗುವುದೇ? ಮಗಳು ಮರೆತಿದ್ದಾಳೆ ಅಥವಾ ದಣಿದಿದ್ದಾಳೆ, ಮಲಗಲಿ ಎಂದುಕೊಂಡಿದ್ದ. ಆಮೇಲೆ ಅವನ ನಗು ಸಣ್ಣದಾಯಿತು. ಮನುಷ್ಯನ ಮೇಲೆ ಬೆರಳಿಟ್ಟು, ಇಲ್ಲಿ ಮಾತ್ರ ಹಿಡಿಯಲೇ ಇಲ್ಲ, ಎಷ್ಟು ಉಜ್ಜಿದರೂ ತವರ ಜಾರಿ ಹೋಯಿತು, ಹಲಗೆ ಕಂದಿತು, ಎಂದ. ಕೆಲಸ ಕೆಟ್ಟ ನಾಚಿಕೆ ಅವನ ದನಿಯಲ್ಲಿತ್ತು. ಗಡಿಗೆಪ್ಪನ ಬೆನ್ನು, ಮುಖ, ಚೀಲ ಬೆಲ್ಲದ ಬಣ್ಣ ಬಿಟ್ಟು ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿದ್ದವು.

ಮನೆಯಲ್ಲಿ ಅವರು ದಖನಿ ಉರ್ದು ಬಿಟ್ಟು ಬೇರೆ ಮಾತಾಡಿದವರಲ್ಲ. ವಾಹಿದಾಳ ಬಾಯಿಂದ ಬಂದದ್ದು ಕನ್ನಡ. “ಯಾರ್ ಹೇಳಿದ್ರು ನಿನಗ ಕೈ ಹಚ್ಚಂತ? ಬೂದ್ಯಾಗ ಕೂಡಾವ್ರಿಗೆ ಏನ್ ತಿಳೀತದ? ನೋಡಾಕ ಕಣ್ಣಿಲ್ಲೇನು? ಕೆಲಸ ಮಾಡು ಅಂದ್ರ ಮಾಡ್ಬೇಕು, ತಲಿ ಓಡಿಸ್ಬಾರ್ದು!” ಕೂಗುತ್ತ ಕೂಗುತ್ತ ಅವಳಿಗೆ ಗೊತ್ತಾಯಿತು, ಇದರಲ್ಲಿ ಒಂದು ಮಾತೂ ತನ್ನದಲ್ಲ. ತೊಟ್ಟಿಯ ಬಳಿ ಅಂಬಮ್ಮನ ಮೇಲೆ, ಸಾಲಿನಲ್ಲಿ ಕೂತು ಬರೆಯುವ ಹೆಂಗಸರ ಮೇಲೆ ಜಂಬಣ್ಣ ಬೀಸುವ ಮಾತುಗಳು. ಏರಿಳಿತವೂ ಅವನದೇ, ಕೊನೆಯಲ್ಲಿ ಬೆರಳು ಚಾಚುವುದೂ ಅವನದೇ. ಗೊತ್ತಾದ ಮೇಲೂ ನಿಲ್ಲಿಸಲಾಗಲಿಲ್ಲ. ಕಲಾಯಿಗೆಂದು ಕೊಡ ಹಿಡಿದು ಕಾದಿದ್ದ ಮಲ್ಲಟದ ಮುದುಕಿ, “ಹಡದಪ್ಪಗ ಹಂಗ ಅಂತಾರೇನ ಯವ್ವಾ?” ಎಂದಳು. ಹೀರಾಬಿ ತಿದಿ ಬಿಟ್ಟು ಎದ್ದು ನಿಂತಳು. “ಕನ್ನಡ ಮೇಂ ಗಾಲಿಯಾಂ ದೇನಾ ಸೀಖೀ ಕ್ಯಾ ಗೇ?” ಕನ್ನಡದಲ್ಲಿ ಬೈಯುವುದನ್ನು ಕಲಿತು ಬಂದೆಯಾ. “ಇದ ಕಲಸ್ತಾರೇನು ನಿಮ್ಮ ಕಾರ್ಖಾನ್ಯಾಗ?” ಎಂದು ತಾನೂ ಕನ್ನಡಕ್ಕೆ ಹೊರಳಿದಳು. ಸತ್ತಾರ್ ಸಾಬ್ ಹಲಗೆಯನ್ನು ಇಕ್ಕಳದಿಂದ ಎತ್ತಿ, ಆರಲೆಂದು ಕಲ್ಲಿನ ಮೇಲಿಟ್ಟು, ಮಲ್ಲಟದ ಮುದುಕಿಯ ಕೊಡಕ್ಕೆ ಕೈ ಚಾಚಿದ. ಅವನ ಬೆರಳ ತುದಿಗಳು ಹಲಗೆಯ ಮನುಷ್ಯನಷ್ಟೇ ಕಪ್ಪಾಗಿದ್ದವು. ಮಾಫ್ ಕರೋ ಎನ್ನಬೇಕೆಂದು ಅವಳು ನಿಂತಳು. ಅದು ಯಾವ ಭಾಷೆಯಲ್ಲೂ ಹೊರಡಲಿಲ್ಲ.

ಸೋಮವಾರ ತಲೆ ತೊಳೆಯದೆ ಬಸ್ಸು ಹತ್ತಿದಳು.

ಕಾರ್ಖಾನೆಯ ಮುಂದೆ ಶಾಮಿಯಾನ ಎದ್ದಿತ್ತು. ಮಾವಿನ ತೋರಣ, ಬಾಳೆಕಂಬ, ಮೈಕಿನವನ ಹಲೋ ಹಲೋ. ಜರಿಯಂಚಿನ ಧೋತರ ಉಟ್ಟು, ಮುಖಕ್ಕೆ ಪೌಡರು ಬಳಿದ ಜಂಬಣ್ಣ ಅವಳ ಕೈಯಿಂದ ಗಂಟು ಕಿತ್ತುಕೊಂಡು ಬಿಚ್ಚಿದ. ಬಿಸಿಲು ಬಿದ್ದು ಹಲಗೆ ಫಳಾರನೆ ಹೊಳೆಯಿತು. “ಆಹಾ! ಬೆಳ್ಳಿ ಆಗ್ಯಾದಲ್ಲ ಬೇ! ಹಿಂಗಿರ್ಬೇಕು ನೋಡು ಕೆಲಸ ಅಂದ್ರ.” ಹಲಗೆಯನ್ನು ಓರೆ ಮಾಡಿದ. ಹೊಳಪು ಸರಿದು ನಡುವಿನ ಮನುಷ್ಯ ಕಂಡ. ಜಂಬಣ್ಣನ ದವಡೆ ಬಿಗಿಯಿತು. “ಮದ್ಲ ಕರ್ರಗಿತ್ತು, ಈಗ ಸುಟ್ಟು ಹಾಕೀದಿ. ಯಾರ್ ಮಾಡಿದ್ರು ಇದನ್ನ?”

“ನಮ್ಮಪ್ಪ,” ಎಂದಳು. “ಕಲಾಯಿ ಮಾಡ್ತಾನ್ರಿ.”

“ಪಾತ್ರಿ ಅಂಗಡಿ ಅಂದಿದ್ದಿ?”

“ಅಂಗಡಿ ಇಲ್ರೀ. ಬೇವಿನ ಗಿಡದ ಬುಡಕ ಕೂಡ್ತಾನ. ನೆಲದ ಮ್ಯಾಲ.”

ಜಂಬಣ್ಣ ಸುತ್ತ ನಿಂತವರ ಕಡೆ ತಿರುಗಿ ನಕ್ಕ. “ಕೇಳಿದ್ರೇನ್ರಪ್ಪಾ? ಕಲಾಯಿ ಸಾಬನ ಕುಲಿಮ್ಯಾಗ ನಮ್ಮಪ್ಪನ್ನ ಸುಟ್ಕೊಂಡ್ ಬಂದಾಳ. ನಮ್ಮ ಮಂದ್ಯಾಗ ಹುಗೀತೀವಿ, ಸುಡಂಗಿಲ್ಲವಾ!” ಯಾರೋ ಹೋ ಎಂದರು. ಅವನು ನಗು ಅಳಿಸಿ, ಗುಮಾಸ್ತನಿಂದ ಬ್ರಷ್ಷು ಇಸಿದುಕೊಂಡು ಅವಳ ಕೈಗೆ ತುರುಕಿದ. “ಡಬ್ಬಿ ಅದನಿಲ್ಲ? ಹೋಗು, ಒಳಗ ಕುಂತು ಹಚ್ಚು. ಮುಖ, ಮೈ, ಚೀಲ, ಎಲ್ಲಾ ಬಂಗಾರ ಆಗ್ಬೇಕು. ಅಜ್ಜಾರ ಕಾರು ಬರೂದ್ರೊಳಗ.”

ಶೆಡ್ಡಿನಲ್ಲಿ ಅಂಬಮ್ಮ ಒಬ್ಬಳೇ ಇದ್ದಳು. ಉದ್ಘಾಟನೆಯ ದಿನವೂ ತೊಟ್ಟಿಗೆ ರಜೆ ಇರಲಿಲ್ಲ; ಊಟಕ್ಕೆ ಮುಂಚೆ ಒಂದು ಕಂತು ಮಾಲು ತೆಗೆಯಬೇಕೆಂದು ಆಸಿಡ್ಡಿನ ಹೊಸ ಪುಡಿ ಕಲಸಿ, ಬಿಸಿನೀರು ಹುಯ್ದು ಇಟ್ಟಿದ್ದಳು. ಕೆಂಪುಗಪ್ಪು ನೀರಿನಿಂದ ಹಬೆ ಏಳುತ್ತಿತ್ತು. ಅವಳ ಮೊಣಕೈವರೆಗೆ ಚರ್ಮ ಎಂದಿನಂತೆ ಹಳದಿಗಟ್ಟಿ ಸುಲಿದಿತ್ತು. ಗ್ಲೌಸು ಕೇಳಿದ್ದಕ್ಕೆ, ‘ನಿಮ್ಮ ಕೈಯೇನ್ ರಾಣೀದೇನು?’ ಎಂದಿದ್ದ ಜಂಬಣ್ಣ. ವಾಹಿದಾ ಮೇಜಿನ ಮುಂದೆ ಕೂತು ಡಬ್ಬಿಯ ಮುಚ್ಚಳ ಮೀಟಿದಳು. ಬಂಗಾರ ಬಣ್ಣ ಕೆನೆಗಟ್ಟಿ ಮಿರುಗುತ್ತಿತ್ತು. ಬ್ರಷ್ಷು ಅದ್ದಿದಳು. ಕೈ ತಾನಾಗಿಯೇ ಹದವಾಗಿ, ಹನಿ ಬೀಳದಂತೆ ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒತ್ತಿತು. ವರ್ಷಗಟ್ಟಲೆ ವಿಧೇಯವಾಗಿದ್ದ ಕೈ. ಆ ಕೈಯನ್ನು ನೋಡಿಯೇ ಅವಳಿಗೆ ಹೇಸಿಗೆ ಬಂತು. ಹಚ್ಚಿದರೆ ಅಂಬಮ್ಮನ ಮುತ್ಯಾ ಹೋಗುತ್ತಾನೆ. ಬಿಟ್ಟರೆ ಬೋರ್ಡು ಬರೆಯುವವನು ಹಚ್ಚುತ್ತಾನೆ. ಇವರ ಕೈಗೆ ಸಿಗಬಾರದು, ಅಷ್ಟೇ. ಗೋಡೆ ಬೇಡ, ಬಲ್ಬು ಬೇಡ, ಅಪ್ಪ ಉಜ್ಜಿ ಉಜ್ಜಿ ತಂದ ಬಿಳುಪೂ ಬೇಡ, ತಾನು ಬರೆದದ್ದೂ ಬೇಡ. ಎಲ್ಲ ಹೋಗಲಿ, ಹಲಗೆ ಹಲಗೆಯಾಗಲಿ. ಏನೂ ಇಲ್ಲದ್ದಕ್ಕೆ ಅಜ್ಜಾರು ಪರದೆ ಸರಿಸಲಿ.

ಎದ್ದು ಹೋಗಿ ಹಲಗೆಯನ್ನು ತೊಟ್ಟಿಗೆ ಇಳಿಸಿದಳು.

“ಯವ್ವಾ, ಏನ್ ಮಾಡಾಕತ್ತಿ? ಹುಚ್ಚು ಹಿಡದದೇನು?” ಅಂಬಮ್ಮ ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು.

“ಅಳ್ಳಾಡ್ಸು ಅಂಬವ್ವಾ.”

“ಎಲ್ಲಾ ತಿಂತದ ಅದು!”

“ತಿನ್ಲಿ.”

ಅಂಬಮ್ಮ ಶಾಮಿಯಾನದ ಕಡೆ ನೋಡಿದಳು. ಅಲ್ಲಿ ಯಾರೋ ಮೈಕಿನಲ್ಲಿ ‘ಶ್ರಮವೇ ಶಿವನೆಂದು ನಂಬಿ ಬಾಳಿದ ದಿವಂಗತ ಗಡಿಗೆಪ್ಪನವರು’ ಎಂದು ಶುರುಮಾಡಿದ್ದ. ಅವಳು ಬಾಯೊಳಗಿನ ಎಲೆ ಅಡಿಕೆ ಮೂಲೆಗೆ ಉಗುಳಿ, ತೊಟ್ಟಿಯ ಅಂಚು ಹಿಡಿದು ಅಲ್ಲಾಡಿಸತೊಡಗಿದಳು. ಬೆಳ್ಳಗಿದ್ದದ್ದು ಮೊದಲು ಬೂದಿಯಾಯಿತು. ಬೂದಿ ಹರಿದು ತಾಮ್ರ ಹಸಿ ಗಾಯದಂತೆ ಕೆಂಪಗೆ ಕಂಡು, ಅದೂ ಅಂಚಿನಿಂದ ತೆಳುವಾಗುತ್ತ ಬಂತು. ಬಲ್ಬು ಹೋಯಿತು. ದಾರಿ ಹೋಯಿತು. ಮಿಲ್ಲಿನ ಗೋಡೆ ದೊಡ್ಡದು, ತಡೆದು ಹೋಯಿತು. ಹೊರಗೆ ಭಾಷಣ ಮುಗಿದು ಇನ್ನೊಂದು ಶುರುವಾಯಿತು. ಕಾರು ಇನ್ನೂ ಬಂದಿರಲಿಲ್ಲ. ಬಾಗಿಲಲ್ಲಿ ಜಂಬಣ್ಣನ ಧೋತರದ ಬಿಳುಪು ಕಾಣಿಸಿದಾಗ ವಾಹಿದಾ ಬರಿಗೈಯನ್ನೇ ನೀರಿಗೆ ಹಾಕಿ ಹಲಗೆ ಎತ್ತಿ, ನಲ್ಲಿಯ ಕೆಳಗೆ ಹಿಡಿದಳು. ಕೈ ಉರಿಯಿತು.

ತೊಳೆದ ಹಲಗೆಯ ಮೇಲೆ ಏನೂ ಇರಬಾರದಿತ್ತು. ತಾಮ್ರದ ಕೆಳಗೆ ಬೆಂಕಿಯ ಝಳ ತಾಗದೆ ಉಳಿದಿದ್ದ ಹಲಗೆಯೆಲ್ಲ ಹೊಸ ಬೆಲ್ಲದ ತಿಳಿ ಬಣ್ಣದಲ್ಲಿ ಬಯಲಾಗಿ ಹರಡಿತ್ತು. ಆ ಬಯಲಿನ ನಡುವೆ, ಮೊದಲಿನಿಂದಲೂ ಬರೀ ಮೈಯಲ್ಲಿದ್ದವನು, ಕುಲುಮೆಯ ಶಾಖವನ್ನೆಲ್ಲ ಕುಡಿದವನು, ಚೀಲ ಹೊತ್ತು ಕರ್ರಗೆ ನಿಂತಿದ್ದ. ಅವನ ಮಿಲ್ಲು ಇರಲಿಲ್ಲ, ರುಮಾಲು ಇರಲಿಲ್ಲ. ಕೂದಲೆಳೆಯ ತಾಮ್ರ ಇದ್ದಲ್ಲಿ ಕಣ್ಣುಗಳು ತಿಳಿಯಾಗಿ ತೆರೆದಿದ್ದವು. ಇದನ್ನು ತಾನು ಬರೆದಿರಲಿಲ್ಲ. ಅಂಬಮ್ಮ ತೊಟ್ಟಿ ಬಿಟ್ಟು ಬಂದು ನೋಡಿ, “ಮುತ್ಯಾ,” ಎಂದಳು, ಓಣಿಯಲ್ಲಿ ಎದುರಾದವನನ್ನು ಕರೆದ ಹಾಗೆ.

ಜಂಬಣ್ಣ ಹಲಗೆ ಕಿತ್ತುಕೊಂಡ. ಮೇಜಿನ ಮೇಲಿನ ಸೀಮೆಎಣ್ಣೆಯ ಚಿಂದಿ ಎತ್ತಿ ಮುಖವನ್ನು ತಿಕ್ಕಿದ. ಹೋಗಲಿಲ್ಲ. ಧೋತರದ ಜರಿಯಂಚು ಹಿಡಿದು ತಿಕ್ಕಿದ, ಉಗುರು ಹಾಕಿ ಕೆರೆದ. ಮೇಲೆ ಹಚ್ಚಿದ್ದಾದರೆ ಏಳುತ್ತಿತ್ತು. ಅದು ಹಲಗೆಯ ಒಳಗೇ ಇಳಿದಿತ್ತು. ಹೊರಗೆ ಕಾರಿನ ಹಾರನ್ನು, ಜಯಕಾರ. ಗುಮಾಸ್ತ ಬಾಗಿಲಿಗೆ ಬಂದು, “ಸಾಹುಕಾರ್ರೆ, ಅಜ್ಜಾರು ಇಳದ್ರು. ಫೋಟೋ ಎಲ್ಲಿ ಅಂತ ಕೇಳಾಕತ್ತಾರ,” ಎಂದ. ಜಂಬಣ್ಣ ತಿಕ್ಕುತ್ತಲೇ ಇದ್ದ. ಬೆವರು ಹಣೆಯಿಂದಿಳಿದು ಅವನ ಪೌಡರನ್ನು ಗೆರೆಗೆರೆಯಾಗಿ ಸೀಳಿತ್ತು.

“ತಿಕ್ರೀ,” ಎಂದಳು ವಾಹಿದಾ. ದನಿ ಮೆಲ್ಲಗಿತ್ತು, ಅವಳದೇ ಆಗಿತ್ತು. “ಇನ್ನಷ್ಟು ತಿಕ್ರೀ.”